ಹಾರ್ಡ್ ಡಿಸ್ಕ್: ಆರಿಸುವ ಬಗೆ, ಕಾಯುವ ಬಗೆ

ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಕೆತ್ತಿಸಿದ ಶಾಸನ ಕ್ರಿ. ಶ. 543ರದು. ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುಟಿ ಬಸದಿಯ ಗೋಡೆಯ ಮೇಲಿರುವ ರವಿಕೀರ್ತಿಯ ಶಾಸನ 634-35ರದು. ಎರಡನ್ನೂ ಇಂದಿಗೂ ಓದಬಹುದು. ಇವನ್ನು ಕಾಯಲು ಪೆಟ್ಟಿಗೆ ಬೇಕಾಗಲಿಲ್ಲ. ತಲೆಮಾರಿಗೊಮ್ಮೆ ಪ್ರತಿಮಾಡುವ ಲೇಖಕರೂ ಬೇಕಾಗಲಿಲ್ಲ. ಕಲ್ಲು ತನ್ನ ಕೆಲಸವನ್ನು ತಾನೇ ಮಾಡಿತು.

ಆದರೆ ನಮ್ಮ ವಚನಗಳೂ ಕಾವ್ಯಗಳೂ ಉಳಿದು ಬಂದದ್ದು ತಾಡವೋಲೆಯ ಮೇಲೆ. ಓಲೆಗೆ ಹುಳುವಿನ ಕಾಟ, ಗೆದ್ದಲಿನ ಕಾಟ, ತೇವದ ಕಾಟ. ಹಳೆಯ ಕಟ್ಟು ಶಿಥಿಲವಾಗುವ ಮೊದಲೇ ಹೊಸ ಓಲೆಯ ಮೇಲೆ ಪ್ರತಿಮಾಡಿಕೊಂಡವರ ಶ್ರಮದಿಂದ ಆ ಸಾಹಿತ್ಯ ನಮಗೆ ಮುಟ್ಟಿತು. ವಿಜಯಪುರದಲ್ಲಿ ನೆಲೆಸಿದ್ದ ಫ. ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಮನೆ ಮನೆ ಅಲೆದು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಒಂದು ಮನೆಯ ಕಟ್ಟು ಹುಳುವಿನ ಪಾಲಾದರೂ ಇನ್ನೊಂದು ಮನೆಯ ಕಟ್ಟು ಉಳಿದಿರುತ್ತಿದ್ದಿತು. ಹಲವು ಪ್ರತಿಗಳು ಹಲವು ಊರುಗಳಲ್ಲಿ ಇದ್ದುದೇ ಅವುಗಳ ಆಯುಷ್ಯಕ್ಕೆ ಆಧಾರ.

ವಾಚಕರೇ, ಇಂದು ನಮ್ಮ ಮನೆಗಳಲ್ಲಿಯೂ ಕಾಯಬೇಕಾದ ಸರಕು ಬೆಳೆಯುತ್ತಲಿದೆ. ಅಜ್ಜಿ ಹಾಡಿದ ಬೀಸುವ ಪದಗಳು, ಊರ ಜಾತ್ರೆಯ ದೊಡ್ಡಾಟ, ಮದುವೆಯ ಚಿತ್ರಗಳು, ಹೊಲದ ಉತಾರ, ಮಕ್ಕಳ ಅಂಕಪಟ್ಟಿ, ರೇಡಿಯೋದಿಂದ ಮುದ್ರಿಸಿಕೊಂಡ ಹಾಡುಗಳು, ಎಲ್ಲವೂ ಮೊಬೈಲಿನಲ್ಲಿಯೋ ಗಣಕಯಂತ್ರದಲ್ಲಿಯೋ ಕೂತಿವೆ. ಅಲ್ಲಿ ಜಾಗ ಸಾಲದೆ ಬಂದಾಗ ನಾವು ಹಾರ್ಡ್ ಡಿಸ್ಕನ್ನು ಕೊಳ್ಳಲು ಹೊರಡುತ್ತೇವೆ. ಕೊಳ್ಳುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಡಿರಿ: ಈ ಡಿಸ್ಕು ಕಲ್ಲಿನ ಕುಲದ್ದಲ್ಲ, ಓಲೆಯ ಕುಲದ್ದು. ಅದನ್ನು ಆರಿಸುವ ಕ್ರಮವೂ ಕಾಯುವ ಕ್ರಮವೂ ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಮೊದಲು ಅದರ ಒಳರಚನೆಯನ್ನು ನೋಡೋಣ. 1956ರಲ್ಲಿ ಅಮೆರಿಕದ ಐ.ಬಿ.ಎಮ್. ಸಂಸ್ಥೆ ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅದರ ತೂಕ ಸುಮಾರು ಒಂದು ಟನ್ನು. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈ ಅಗಲದ ಡಿಸ್ಕು ಅದರ ಹತ್ತು ಲಕ್ಷ ಪಟ್ಟು ಸರಕನ್ನು ಹಿಡಿಸುತ್ತದೆ. ತತ್ತ್ವ ಮಾತ್ರ ಹಳೆಯದೇ. ಕಾಂತಗುಣದ ಲೇಪವುಳ್ಳ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಒಂದು ಪುಟ್ಟ ತಲೆ ತೇಲುತ್ತ ಅಕ್ಷರಗಳನ್ನು ಬರೆಯುತ್ತದೆ, ಓದುತ್ತದೆ. ತಟ್ಟೆಗೂ ತಲೆಗೂ ನಡುವಣ ಅಂತರ ನಮ್ಮ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಓಡುತ್ತಿರುವ ಡಿಸ್ಕು ಮೇಜಿನಿಂದ ಬಿದ್ದರೆ ಆಗುವ ಅನರ್ಥವನ್ನು ನೀವೇ ಊಹಿಸಿಕೊಳ್ಳಬಹುದು.

ಇನ್ನು ಅಳತೆ. ಪೆಟ್ಟಿಗೆಯ ಮೇಲೆ ‘1 ಟೆರಾಬೈಟ್’ ಎಂದಿರುತ್ತದೆ. ಗಣಕಯಂತ್ರಕ್ಕೆ ಜೋಡಿಸಿದರೆ 931 ಗಿಗಾಬೈಟ್ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದನೆಂದು ತಿಳಿಯಬೇಡಿರಿ. ತಯಾರಕರು ಸಾವಿರದ ಲೆಕ್ಕದಿಂದ ಎಣಿಸುತ್ತಾರೆ, ಯಂತ್ರವು 1024ರ ಲೆಕ್ಕದಿಂದ ಎಣಿಸುತ್ತದೆ. ಸೇರಿಗೂ ಕಿಲೋಗ್ರಾಮಿಗೂ ಇದ್ದಂಥದೇ ವ್ಯತ್ಯಾಸ. ಮೊಬೈಲಿನ ಒಂದು ಚಿತ್ರಕ್ಕೆ 5 ಮೆಗಾಬೈಟ್ ಎಂದು ಹಿಡಿದರೆ ಒಂದು ಟೆರಾಬೈಟಿನಲ್ಲಿ ಎರಡು ಲಕ್ಷ ಚಿತ್ರಗಳು ಹಿಡಿಯುತ್ತವೆ. ಸಂಕ್ಷೇಪಿಸದ ಉತ್ತಮ ಧ್ವನಿಮುದ್ರಣವಾದರೆ ಸುಮಾರು 1500 ಗಂಟೆಗಳು. ಚಲಚ್ಚಿತ್ರ ಮಾತ್ರ ಜಾಗವನ್ನು ನುಂಗುವಂಥದು. ಗಂಟೆಗೆ 8 ಗಿಗಾಬೈಟ್ ಬೇಕು, ಇನ್ನೂ ಸ್ಪಷ್ಟವಾದುದಕ್ಕೆ 20ಕ್ಕೂ ಹೆಚ್ಚು. ಈಗಿರುವ ಸರಕನ್ನು ಲೆಕ್ಕ ಹಾಕಿ, ಅದರ ಎರಡು ಪಟ್ಟು ಹಿಡಿಸುವ ಡಿಸ್ಕನ್ನು ಕೊಂಡರೆ ಮನೆಗೆ ಸಾಕು. ಅತಿ ದೊಡ್ಡದೊಂದನ್ನು ಕೊಳ್ಳುವ ಹಣದಲ್ಲಿ ಸಾಧಾರಣ ಗಾತ್ರದ ಎರಡನ್ನು ಕೊಳ್ಳುವದು ಜಾಣತನ. ಕಾರಣವನ್ನು ಮುಂದೆ ಹೇಳುತ್ತೇನೆ.

ಬಗೆಗಳು ಮುಖ್ಯವಾಗಿ ಮೂರು. ಎರಡೂವರೆ ಅಂಗುಲದ ಕಿರಿಯ ಡಿಸ್ಕು ಯು.ಎಸ್.ಬಿ. ತಂತಿಯಿಂದಲೇ ವಿದ್ಯುತ್ತನ್ನು ಪಡೆಯುತ್ತದೆ. ಊರಿಂದೂರಿಗೆ ಒಯ್ಯಲು ಅನುಕೂಲ. ಮೂರೂವರೆ ಅಂಗುಲದ ಹಿರಿಯದಕ್ಕೆ ಬೇರೆ ವಿದ್ಯುತ್ ಜೋಡಣೆ ಬೇಕು. ಎಂಟು, ಹತ್ತು, ಇಪ್ಪತ್ತು ಟೆರಾಬೈಟ್ ಬೇಕಾದವರಿಗೆ ಇದೇ ಗತಿ. ಇವುಗಳಲ್ಲಿ ಬಹು ದೊಡ್ಡವುಗಳ ಒಳಗೆ ಗಾಳಿಯ ಬದಲು ಹೀಲಿಯಮ್ ತುಂಬಿ ಮುಚ್ಚಿರುತ್ತಾರೆ. ಅದು ಗಾಳಿಗಿಂತ ಹಗುರಾದುದರಿಂದ ತಟ್ಟೆಗಳಿಗೆ ತಡೆ ಕಡಿಮೆ, ಕಾವು ಕಡಿಮೆ. ಮೂರನೆಯದು ಎಸ್.ಎಸ್.ಡಿ. ಇದರಲ್ಲಿ ತಿರುಗುವ ಭಾಗವಿಲ್ಲ. ವೇಗ ಬಹಳ, ಬಿದ್ದರೂ ತಾಳುತ್ತದೆ. ಆದರೆ ಇದು ಅಕ್ಷರಗಳನ್ನು ವಿದ್ಯುದಂಶದ ರೂಪದಲ್ಲಿ ಹಿಡಿದಿಡುವದರಿಂದ, ಬಹುಕಾಲ ವಿದ್ಯುತ್ ಇಲ್ಲದೆ ಕಪಾಟಿನಲ್ಲಿಟ್ಟರೆ ಆ ಅಂಶ ಸೋರಿಹೋಗುವ ಭಯವುಂಟು. ದಿನನಿತ್ಯದ ಕೆಲಸಕ್ಕೆ ಎಸ್.ಎಸ್.ಡಿ., ಕಾಯ್ದಿಡುವದಕ್ಕೆ ತಿರುಗುವ ಡಿಸ್ಕು ಎಂದು ಹಂಚಿಕೊಳ್ಳಿರಿ. ಪೆನ್ ಡ್ರೈವನ್ನು ಒಯ್ಯುವ ಚೀಲವೆಂದು ತಿಳಿಯಿರಿ, ಕಣಜವೆಂದು ತಿಳಿಯಬೇಡಿರಿ.

ತಿರುಗುವ ಡಿಸ್ಕಿನಲ್ಲಿಯೂ ಬರೆಯುವ ರೀತಿ ಎರಡು. ಸಿ.ಎಮ್.ಆರ್. ಎಂಬುದರಲ್ಲಿ ಸಾಲುಗಳು ಬೇರೆ ಬೇರೆಯಾಗಿರುತ್ತವೆ. ಎಸ್.ಎಮ್.ಆರ್. ಎಂಬುದರಲ್ಲಿ ಮಾಳಿಗೆಯ ಹಂಚಿನಂತೆ ಒಂದು ಸಾಲಿನ ಅಂಚು ಇನ್ನೊಂದರ ಮೇಲೆ ಏರಿರುತ್ತದೆ. ಜಾಗ ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಆದರೆ ನಡುವಿನ ಒಂದು ಹಂಚನ್ನು ಬದಲಿಸಬೇಕಾದರೆ ಅದರ ಮೇಲಿನವನ್ನೆಲ್ಲ ಎತ್ತಬೇಕಲ್ಲವೇ? ಹಾಗೆಯೇ ಈ ಡಿಸ್ಕು ಒಂದನ್ನು ತಿದ್ದಲು ನೆರೆಯ ಸಾಲುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಒಮ್ಮೆ ತುಂಬಿ ಎತ್ತಿಡುವವರಿಗೆ ಇದರಿಂದ ತೊಂದರೆಯಿಲ್ಲ. ದಿನವೂ ಬರೆದು ಅಳಿಸುವ ಛಾಯಾಚಿತ್ರದ ಅಂಗಡಿಯವರಿಗೆ, ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವವರಿಗೆ ಇದು ತಕ್ಕುದಲ್ಲ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆ ತನ್ನ ‘ರೆಡ್’ ಹೆಸರಿನ ಕೆಲವು ಡಿಸ್ಕುಗಳಲ್ಲಿ ಈ ರೀತಿಯನ್ನು ಬಳಸಿದ್ದು ಹೊರಬಿದ್ದು ಕೊಂಡವರು ಬಹಳ ಸಿಟ್ಟಾದರು. ಆ ಬಳಿಕ ಸಿ.ಎಮ್.ಆರ್. ಡಿಸ್ಕುಗಳಿಗೆ ‘ರೆಡ್ ಪ್ಲಸ್’ ಎಂಬ ಬೇರೆ ಹೆಸರು ಬಂದಿತು. ಪೆಟ್ಟಿಗೆಯ ಮೇಲಿನ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು, ಅದು ಯಾವ ರೀತಿಯದೆಂದು ತಯಾರಕರ ಪಟ್ಟಿಯಲ್ಲಿ ನೋಡಿಯೇ ಹಣ ಕೊಡಿರಿ.

‘ಯಾವ ಕಂಪನಿಯದು ಕೆಡುವದಿಲ್ಲ?’ ಎಂಬುದೇ ಎಲ್ಲರ ಪ್ರಶ್ನೆ. ತಿರುಗುವ ಡಿಸ್ಕುಗಳನ್ನು ಮಾಡುವವರು ಈಗ ಜಗತ್ತಿನಲ್ಲಿ ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಕೆಡದ ಡಿಸ್ಕನ್ನು ಮೂವರಲ್ಲಿ ಒಬ್ಬರೂ ಮಾಡಿಲ್ಲ. ಕೆಲವು ಪೆಟ್ಟಿಗೆಗಳ ವಿವರಪತ್ರದಲ್ಲಿ ‘ಸರಾಸರಿ 10 ಲಕ್ಷ ಗಂಟೆ’ ಎಂದಿರುತ್ತದೆ. 10 ಲಕ್ಷ ಗಂಟೆಯೆಂದರೆ 114 ವರ್ಷ. ಇದನ್ನೋದಿ ಮೊಮ್ಮಕ್ಕಳವರೆಗೆ ಚಿಂತೆಯಿಲ್ಲವೆಂದುಕೊಂಡರೆ ತಪ್ಪಾಯಿತು. ಅದರ ನಿಜವಾದ ಅರ್ಥ ಇಷ್ಟೇ: ಸಾವಿರ ಡಿಸ್ಕುಗಳನ್ನು ವರ್ಷವಿಡೀ ಓಡಿಸಿದರೆ ಸುಮಾರು ಒಂಬತ್ತು ಕೆಡಬಹುದು. ಲಕ್ಷಗಟ್ಟಲೆ ಡಿಸ್ಕುಗಳನ್ನು ಓಡಿಸುತ್ತಿರುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ 2013ರಿಂದ ತನ್ನ ಲೆಕ್ಕವನ್ನು ಪ್ರಕಟಿಸುತ್ತ ಬಂದಿದೆ. ಅದರಂತೆ ಈಚಿನ ವರ್ಷಗಳಲ್ಲಿ ನೂರಕ್ಕೆ ಒಂದೆರಡು ಡಿಸ್ಕುಗಳು ವರ್ಷದಲ್ಲಿ ಕೆಡುತ್ತವೆ. ಒಂದೇ ಕಂಪನಿಯ ಒಂದು ಮಾದರಿ ಉತ್ತಮವಾಗಿ, ಇನ್ನೊಂದು ಕಳಪೆಯಾಗಿ ನಡೆದದ್ದೂ ಆ ಲೆಕ್ಕದಲ್ಲಿ ಕಾಣುತ್ತದೆ. ಆದುದರಿಂದ ಕಂಪನಿಯ ಹೆಸರಿಗಿಂತ ಮಾದರಿಯನ್ನು ವಿಚಾರಿಸಿರಿ.

ವಾರಂಟಿಯ ಮಾತಿಗೂ ಲಕ್ಷ್ಯ ಕೊಡಿರಿ. ಎರಡು, ಮೂರು, ಐದು ವರ್ಷಗಳ ವಾರಂಟಿಗಳುಂಟು. ಹೆಚ್ಚು ವರ್ಷ ಕೊಡುವ ಮಾದರಿ ಹೆಚ್ಚು ದುಡಿತಕ್ಕಾಗಿ ಮಾಡಿದ್ದೆಂದು ಸಾಮಾನ್ಯವಾಗಿ ತಿಳಿಯಬಹುದು. ಆದರೆ ವಾರಂಟಿಯಿಂದ ಬರುವದು ಬೇರೊಂದು ಖಾಲಿ ಡಿಸ್ಕು. ಅದರಲ್ಲಿ ಅಜ್ಜಿಯ ಧ್ವನಿ ಇರುವದಿಲ್ಲ.

ಇಳಕಲ್ಲಿನಲ್ಲಿ ಸೀರೆ ಕೊಳ್ಳಹೋದ ನಮ್ಮ ಹೆಣ್ಣುಮಕ್ಕಳು ಸೆರಗಿನ ತೆನೆಯನ್ನಷ್ಟೇ ನೋಡಿ ಬರುವದಿಲ್ಲ. ಒಡಲಿನ ನೂಲನ್ನು ಬೆರಳಿನಿಂದ ತಿಕ್ಕಿ ನೋಡುತ್ತಾರೆ, ಸೆರಗಿಗೂ ಒಡಲಿಗೂ ಹಾಕಿದ ಕೊಂಡಿಯನ್ನು ನೋಡುತ್ತಾರೆ. ಡಿಸ್ಕಿಗೂ ಇದೇ ಜಾಣತನ ಬೇಕು. ಧಾರಣಿಗಿಂತ ತೀರ ಅಗ್ಗವಾಗಿ ‘16 ಟೆರಾಬೈಟ್’ ಎಂದು ಮಾರುವ ಪುಟ್ಟ ಪೆಟ್ಟಿಗೆಗಳು ಬರುತ್ತವೆ. ಅವುಗಳೊಳಗೆ ಇರುವದು ಸಣ್ಣದೊಂದು ಮೆಮರಿ ಕಾರ್ಡು. ಸುಳ್ಳು ಅಳತೆಯನ್ನು ತೋರಿಸುವಂತೆ ಅದನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಹಳೆಯದನ್ನು ಹೊಸದೆಂದು ಮಾರುವದೂ ಉಂಟು. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಇಂತಹ ಪ್ರಕರಣ ಬಯಲಿಗೆ ಬಂದಿತು. ಸಾವಿರಾರು ಗಂಟೆ ದುಡಿದ ಡಿಸ್ಕುಗಳ ಗಂಟೆಯ ಲೆಕ್ಕವನ್ನೇ ಅಳಿಸಿ ಮಾರಿದ್ದರು. ಮುದ್ರೆಯೊಡೆಯದ ಪೆಟ್ಟಿಗೆ, ಹೆಸರು ಬರೆಯಿಸಿದ ಬಿಲ್ಲು, ತಯಾರಕರ ಜಾಲತಾಣದಲ್ಲಿ ಕ್ರಮಸಂಖ್ಯೆ ಹಾಕಿ ವಾರಂಟಿಯ ದಿನವನ್ನು ನೋಡುವದು, ಈ ಮೂರನ್ನು ಬಿಡಬೇಡಿರಿ.

ಮನೆಗೆ ತಂದ ದಿನವೇ ಸರಕು ತುಂಬಬೇಡಿರಿ. ಮೊದಲು ಡಿಸ್ಕನ್ನು ಪೂರ್ಣ ಬರೆದು, ಪೂರ್ಣ ಓದಿ ಪರೀಕ್ಷಿಸುವ ಉಚಿತ ತಂತ್ರಾಂಶಗಳಿವೆ; ಅವುಗಳಿಂದ ಒಂದು ಸಲ ನೋಡಿರಿ. 4 ಟೆರಾಬೈಟಿನದನ್ನು ಸೆಕೆಂಡಿಗೆ 100 ಮೆಗಾಬೈಟಿನ ವೇಗದಲ್ಲಿ ಬರೆಯಲು 11 ಗಂಟೆ, ಓದಲು ಅಷ್ಟೇ. ಒಂದು ಹಗಲು ಒಂದು ರಾತ್ರಿಯ ಕೆಲಸ. ಕೆಟ್ಟದ್ದಿದ್ದರೆ ಅಂಗಡಿಯಲ್ಲಿ ಬದಲಿಸಿಕೊಳ್ಳುವ ಗಡುವಿನೊಳಗೇ ತಿಳಿಯುತ್ತದೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ‘ಸ್ಮಾರ್ಟ್’ ಎಂಬ ಲೆಕ್ಕವುಂಟು. ಅದರಲ್ಲಿ ಕೆಟ್ಟ ಸಾಲುಗಳನ್ನು ಬದಲಿಸಿದ ಸಂಖ್ಯೆ ಏರುತ್ತ ಹೋದರೆ ಆ ಡಿಸ್ಕನ್ನು ನಂಬಬೇಡಿರಿ. ಹಾಗೆಂದು ಲೆಕ್ಕ ಚೆನ್ನಾಗಿದೆಯೆಂದು ಮೈಮರೆಯಲೂ ಬಾರದು. ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿದಾಗ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಮುನ್ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ.

ನಮ್ಮ ಸೀಮೆಯ ಬೇಸಿಗೆ 40 ಡಿಗ್ರಿಯನ್ನು ದಾಟುವಂಥದು. ಓಡುವ ಡಿಸ್ಕನ್ನು ಗಾಳಿಯಾಡುವ ಕಡೆಗಿಡಿರಿ. ಹಾಸಿಗೆಯ ಮೇಲೆ, ಮುಚ್ಚಿದ ಗೂಡಿನಲ್ಲಿ ಬೇಡ. ವಿದ್ಯುತ್ತು ಹೋಗಿ ಬರುವ ಕಡೆಗಳಲ್ಲಿ ಹಿರಿಯ ಡಿಸ್ಕಿಗೆ ಯು.ಪಿ.ಎಸ್. ಬೇಕೇ ಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಿ ತಂತಿಯನ್ನು ಕಳಚಿಡಿರಿ. ಕೆಲಸ ಮುಗಿದೊಡನೆ ತಂತಿಯನ್ನು ಸೆಳೆಯದೆ, ಯಂತ್ರಕ್ಕೆ ಹೇಳಿ ಡಿಸ್ಕು ನಿಂತ ಮೇಲೆ ತೆಗೆಯಿರಿ.

ಇಷ್ಟೆಲ್ಲ ಮಾಡಿದರೂ ಒಂದು ಡಿಸ್ಕು ಒಂದೇ. ಎರಡೇಕೆ ಬೇಕೆಂಬುದರ ಲೆಕ್ಕ ಇಲ್ಲಿದೆ. ವರ್ಷಕ್ಕೆ ನೂರರಲ್ಲಿ ಎರಡು ಕೆಡುತ್ತವೆಂದು ಹಿಡಿಯೋಣ. ಆಗ ನಿಮ್ಮದು ಕೆಡುವ ಸಂಭವ 50ರಲ್ಲಿ ಒಂದು. ಅದೇ ಸರಕನ್ನು ಎರಡು ಡಿಸ್ಕುಗಳಲ್ಲಿಟ್ಟರೆ ಅದೇ ವರ್ಷ ಎರಡೂ ಕೆಡುವ ಸಂಭವ 2500ರಲ್ಲಿ ಒಂದು. ಮೊದಲನೆಯದು ಕೆಟ್ಟ ವಾರದಲ್ಲಿಯೇ ಹೊಸದಕ್ಕೆ ಪ್ರತಿಮಾಡಿದರೆ ಅಪಾಯ ಇನ್ನೂ ಕಡಿಮೆ. ಎಷ್ಟು ಹಣ ತೆತ್ತರೂ ಒಂದೇ ಡಿಸ್ಕಿನಿಂದ ಈ ನೆಮ್ಮದಿ ಬರುವದಿಲ್ಲ.

ಆದರೆ ಈ ಲೆಕ್ಕಕ್ಕೆ ಒಂದು ಕರಾರುಂಟು: ಎರಡಕ್ಕೂ ಒಂದೇ ಕೇಡು ತಟ್ಟಬಾರದು. ಒಂದೇ ಕಪಾಟಿನಲ್ಲಿಟ್ಟರೆ ಒಬ್ಬನೇ ಕಳ್ಳ, ಒಂದೇ ಬೆಂಕಿ, ಒಂದೇ ನೀರು ಎರಡನ್ನೂ ಒಯ್ಯುತ್ತವೆ. ನೀರಿನ ಮಾತು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾದುದಲ್ಲ. 2009ರಲ್ಲಿ ಮಲಪ್ರಭೆ ಉಕ್ಕಿತು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಜನ ನವನಗರಕ್ಕೆ ಬಂದರು. ನೀರು ಬಾಗಿಲಿಗೆ ಬಂದಾಗ ಜನ ಮಕ್ಕಳನ್ನೂ ದನಗಳನ್ನೂ ಎಬ್ಬಿಸಿಕೊಂಡು ಹೊರಡುತ್ತಾರೆಯೇ ಹೊರತು ಕಪಾಟನ್ನು ಹೊರುವದಿಲ್ಲ, ಹೊರಲೂ ಬಾರದು. ಆದುದರಿಂದ ಬಾಗಲಕೋಟೆಯವರು ಒಂದು ಪ್ರತಿಯನ್ನು ಇಳಕಲ್ಲಿನ ಮಗಳ ಮನೆಯಲ್ಲಿಡಲಿ, ಬಾದಾಮಿಯವರು ಹುನಗುಂದದ ಬೀಗರಲ್ಲಿಡಲಿ. ಎರಡು ಡಿಸ್ಕುಗಳೂ ಬೇರೆ ಬೇರೆ ಮಾದರಿಯವಾಗಿದ್ದರೆ ಒಳ್ಳೆಯದು. ಒಂದೇ ಮಾದರಿಯ ಒಂದೇ ದೋಷ ಎರಡರಲ್ಲಿಯೂ ಇರಲಾರದು. ಬಹು ಮುಖ್ಯವಾದ ಕಾಗದಪತ್ರಗಳ ಮೂರನೆಯ ಪ್ರತಿಯನ್ನು ಅಂತರ್ಜಾಲದ ಭಂಡಾರದಲ್ಲಿಡಬಹುದು. ಆದರೆ ಮೊಬೈಲಿನಲ್ಲಿ ಅಳಿಸಿದೊಡನೆ ಅಲ್ಲಿಯೂ ಅಳಿಯುವ ಏರ್ಪಾಡುಗಳುಂಟು, ಎಚ್ಚರವಿರಲಿ.

ಕೊನೆಯದಾಗಿ, ಓಲೆಯ ಕುಲದ್ದನ್ನು ಓಲೆಯಂತೆಯೇ ನಡೆಸಿಕೊಳ್ಳಬೇಕು. ಡಿಸ್ಕಿನ ಮೇಲೆ ಕೊಂಡ ವರ್ಷವನ್ನು ಚೀಟಿ ಅಂಟಿಸಿರಿ. ಒಳಗಿನ ಗಂಟುಗಳಿಗೆ ‘ಹೊಸದು 1’, ‘ಹೊಸದು 2’ ಎಂದು ಹೆಸರಿಡದೆ, ವರ್ಷ, ಊರು, ಯಾರು ಎಂಬುದನ್ನು ಬರೆಯಿರಿ. ಹೆಸರಿಲ್ಲದ ಚಿತ್ರ ಉಳಿದೂ ಅಳಿದಂತೆಯೇ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಪ್ರತಿಮಾಡಿರಿ. ದೀಪಾವಳಿಗೆ ನಮ್ಮ ಪೇಟೆಯ ವರ್ತಕರು ಖಾತೆ ಕಿರ್ದಿಗಳನ್ನು ತೆಗೆದು ಪೂಜಿಸುತ್ತಾರಲ್ಲ, ಆ ದಿನವನ್ನೇ ನೀವೂ ಗೊತ್ತು ಮಾಡಿಕೊಳ್ಳಬಹುದು. ಎರಡು ಡಿಸ್ಕುಗಳನ್ನೂ ತರಿಸಿ, ಯಂತ್ರಕ್ಕೆ ಜೋಡಿಸಿ, ಒಳಗಿನ ಹತ್ತಾರು ಫೈಲುಗಳನ್ನು ತೆರೆದು ನೋಡಿರಿ; ಆ ವರ್ಷದ ಹೊಸ ಸರಕನ್ನು ಎರಡಕ್ಕೂ ಸೇರಿಸಿರಿ. ಮನೆಯ ಹುಡುಗ ಹುಡುಗಿಯರಲ್ಲಿ ಒಬ್ಬರಿಗೆ ಈ ಕೆಲಸವನ್ನು ಕಲಿಸಿ ಒಪ್ಪಿಸಿರಿ. ಡಿಸ್ಕನ್ನು ಅಂಗಡಿಯಿಂದ ಕೊಳ್ಳಬಹುದು. ಪ್ರತಿಮಾಡುವವರನ್ನು ಮನೆಯಲ್ಲಿಯೇ ಬೆಳೆಸಬೇಕು.