ಕಾರಿನೊಳಗೆ ಹಬೆ: ಎಲ್ಲಿ ಬೇಕು, ಎಲ್ಲಿ ಬೇಡ

ಬೇಸಿಗೆಯಲ್ಲಿ ರೊದ್ದಂನಿಂದ ಪೆನುಕೊಂಡಕ್ಕೋ ಪಾವಗಡಕ್ಕೋ ಒಮ್ಮೆ ಹೋಗಿಬಂದರೆ ಸಾಕು, ಕಾರಿನ ಸೀಟಿನ ಹೊಲಿಗೆಗಳಲ್ಲೆಲ್ಲ ಕೆಂಪು ಧೂಳು ಕೂತಿರುತ್ತದೆ. ಪೆನುಕೊಂಡದ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಆದರೆ ಕಾರು ತೊಳೆಯುವ ನೀರಿಗೆ ಈ ಸೀಮೆಯಲ್ಲಿ ಬರ. ಒಂದೆರಡು ಲೀಟರ್ ನೀರಿನಲ್ಲೇ ಒಳಭಾಗವನ್ನೆಲ್ಲ ಶುಚಿ ಮಾಡುವ ಹಬೆ ಯಂತ್ರ ಇಲ್ಲಿಗೆ ಹೇಳಿ ಮಾಡಿಸಿದಂತಿದೆ.

ಒಂದು ಪುಟ್ಟ ಬಾಯ್ಲರ್, ಹೀಟರ್, ಸುರಕ್ಷತಾ ವಾಲ್ವ್, ಇಷ್ಟೇ ಯಂತ್ರ. 4 ಬಾರ್ ಒತ್ತಡದಲ್ಲಿ ನೀರು ಕುದಿಯುವುದು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ನಳಿಕೆಯಿಂದ ಹೊರಬಂದು ಹಿಗ್ಗುತ್ತಲೇ ಹಬೆ ತಣಿಯುತ್ತದೆ. ನಮಗೆ ಕಾಣುವ ಬಿಳಿ ಮೋಡ ನೀರಹನಿಗಳದ್ದು. ನಿಜವಾದ ಹಬೆ ಕಣ್ಣಿಗೆ ಕಾಣದು. ಅದಿರುವುದು ನಳಿಕೆಯ ಬಾಯಿಗೂ ಮೋಡಕ್ಕೂ ನಡುವೆ, ಖಾಲಿಯೆಂದು ತೋರುವ ಜಾಗದಲ್ಲಿ. ಬೆರಳು ಹೋಗಬಾರದ ಜಾಗ ಅದು. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 335 ಜೂಲ್ ಶಾಖ ಸಾಕು. ಒಂದು ಗ್ರಾಂ ಹಬೆ ಮತ್ತೆ ನೀರಾಗುವಾಗ ಸುಮಾರು 2,260 ಜೂಲ್ ಬಿಟ್ಟುಕೊಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಡುವುದು ಇದರಿಂದಲೇ. ಸೀಟಿನ ಜಿಡ್ಡು ಸಡಿಲಾಗುವುದೂ ಇದೇ ಶಾಖಕ್ಕೆ.

ಮೊದಲು ವ್ಯಾಕ್ಯೂಮ್ ಮಾಡಲೇಬೇಕು. ಧೂಳಿನ ಮೇಲೇ ಹಬೆ ಬಿಟ್ಟರೆ ಅದು ಕೆಸರಾಗಿ ಬಟ್ಟೆಯ ಎಳೆಗಳಿಗೆ ಇಳಿಯುತ್ತದೆ. ಆಮೇಲೆ ಬಾಗಿಲೆಲ್ಲ ತೆರೆದು, ನಳಿಕೆಗೆ ಹತ್ತಿ ಬಟ್ಟೆ ಸುತ್ತಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಹೋಗಿ. ಬೆನ್ನಿಗೇ ಒಣ ಬಟ್ಟೆಯಿಂದ ಒರೆಸಿ. ಸೀಟಿನ ಫೋಮ್ ಒದ್ದೆ ಉಳಿದರೆ ಬೂಸ್ಟು ಹಿಡಿಯುತ್ತದೆ. ಚರ್ಮದ ಸೀಟಾದರೆ ಇನ್ನೂ ಎಚ್ಚರ: ಅತಿ ಶಾಖಕ್ಕೆ ಅದರ ಕೊಲಾಜೆನ್ ನಾರು ಮುದುಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ಚಾವಣಿಯ ಒಳಹೊದಿಕೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಅಂಟು ಸಡಿಲಾದರೆ ಬಟ್ಟೆ ಜೋತುಬೀಳುತ್ತದೆ. ನನ್ನನ್ನು ಕೇಳಿದರೆ ಅಲ್ಲಿಗೆ ಹಬೆ ಬೇಡವೇ ಬೇಡ. ಸ್ಕ್ರೀನು, ಸ್ವಿಚ್ಚುಗಳಿಗೂ ಅಷ್ಟೆ. ಮುಂದಿನ ಸೀಟಿನಡಿ ಬಗ್ಗಿ ನೋಡಿ: ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನ ವೈರಿಂಗ್. ಹಬೆ ಅದರ ಹತ್ತಿರಕ್ಕೂ ಸುಳಿಯಬಾರದು.

ಇನ್ನು ನೀರಿನ ವಿಚಾರ. ಇಲ್ಲಿನ ಬೋರ್‌ವೆಲ್ ನೀರು ಗಡಸು. ಕುದಿಸಿದಾಗ ಅದರಲ್ಲಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೀಟರಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದೇ ಪುಡಿ ನಳಿಕೆ, ವಾಲ್ವುಗಳಲ್ಲೂ ಸಿಕ್ಕಿಕೊಳ್ಳಬಹುದು. ಕೈಪಿಡಿ ಒಪ್ಪಿದ ಮೆದು ನೀರನ್ನೇ ತುಂಬಿ. ನಡುವೆ ನೀರು ಮುಗಿದರೆ ಪ್ಲಗ್ ಕಿತ್ತು, ಉಳಿದ ಹಬೆ ಹೊರಬಿಟ್ಟು, ಬಾಯ್ಲರ್ ಆರುವವರೆಗೆ ಕಾಯಿರಿ. ಮುಚ್ಚಳ ಬಿಗಿಯಾಗಿದ್ದರೆ ಬಲ ಹಾಕಬೇಡಿ, ಒಳಗೆ ಒತ್ತಡ ಇನ್ನೂ ಇರಬಹುದು.