ಇಪ್ಪತ್ತು ಸೆಂತಾವೊ ಶುಲ್ಕದ ವಿಶ್ವವಿದ್ಯಾಲಯ

ಮೆಕ್ಸಿಕೊ ನಗರದ ಮೆಟ್ರೊದ ಮೂರನೇ ಮಾರ್ಗ ದಕ್ಷಿಣದಲ್ಲಿ ಮುಗಿಯುವ ನಿಲ್ದಾಣದ ಹೆಸರೇ ‘ಉನಿವೆರ್ಸಿದಾದ್’, ಅಂದರೆ ವಿಶ್ವವಿದ್ಯಾಲಯ. ಸುಮಾರು 1,700 ವರ್ಷಗಳ ಹಿಂದೆ ಶಿತ್ಲೆ ಎಂಬ ಸಣ್ಣ ಜ್ವಾಲಾಮುಖಿ ಉಗುಳಿದ ಲಾವಾ ಈ ನೆಲದ ಮೇಲೆ ಹರಿದು ಕಪ್ಪು ಬಂಡೆಯಾಗಿ ಹೆಪ್ಪುಗಟ್ಟಿತು. ಉಳುಮೆಗೆ ಒಗ್ಗದ ಆ ಬಂಡೆಗಾಡಿನ ಮೇಲೆ ಇಂದು ಮೆಕ್ಸಿಕೊದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಮುಖ್ಯ ಆವರಣವಿದೆ. ಜನ ಅದನ್ನು ಕರೆಯುವುದು ‘ಉನಾಮ್’ ಎಂದು. ಪ್ರೌಢಶಿಕ್ಷಣದ ಅದರದೇ ಶಾಲೆಗಳನ್ನೂ ಸೇರಿಸಿದರೆ ಓದುವವರ ಸಂಖ್ಯೆ ಮೂರೂವರೆ ಲಕ್ಷ ದಾಟುತ್ತದೆ. ಮೆಕ್ಸಿಕೊದ ವಿದ್ಯಾರ್ಥಿ ಪದವಿ ತರಗತಿಗೆ ಕಟ್ಟಬೇಕಾದ ನಿಗದಿತ ವಾರ್ಷಿಕ ಶುಲ್ಕ 20 ಸೆಂತಾವೊ, ಎಂದರೆ ಒಂದು ಪೆಸೊದ ಐದನೇ ಒಂದು ಪಾಲು. ಸರ್ಕಾರದ ಹಣದಿಂದ ನಡೆಯುವ ಈ ಸಂಸ್ಥೆ ಸರ್ಕಾರದ ಇಲಾಖೆಯಾಗದೆ ಉಳಿದದ್ದು ಹೇಗೆ? ಕಾನೂನು ಕೊಟ್ಟ ಸ್ವಾಯತ್ತತೆಯಿಂದ ಎಂಬುದು ವಾಡಿಕೆಯ ಉತ್ತರ. ಅದು ಅರ್ಧ ಉತ್ತರ ಮಾತ್ರ. ಆ ಸ್ವಾಯತ್ತತೆಯನ್ನು ಕಾದದ್ದು ಈ ಇಪ್ಪತ್ತು ಸೆಂತಾವೊ, ಮತ್ತು ಅದರಿಂದಾಗಿ ಒಳಗೆ ಬರಲು ಸಾಧ್ಯವಾದ ಜನಸಮೂಹ.

ಇತಿಹಾಸ ಇದಕ್ಕೆ ಪುರಾವೆ ಒದಗಿಸುತ್ತದೆ. 1551ರಲ್ಲಿ ಸ್ಪೇನಿನ ಅರಸೊತ್ತಿಗೆ ಇಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ ಚರ್ಚಿನ ನೆರಳಿನಲ್ಲಿ ಬೆಳೆದು 19ನೇ ಶತಮಾನದಲ್ಲಿ ಮುಚ್ಚಿಹೋಯಿತು. ಆಗಿನ ಶಿಕ್ಷಣ ಸಚಿವ ಹುಸ್ತೊ ಸಿಯೆರಾ 1910ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯವನ್ನು ಹೊಸದಾಗಿ ತೆರೆದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ದೇಶದಲ್ಲಿ ಕ್ರಾಂತಿ ಎದ್ದಿತು. 1929ರಲ್ಲಿ ಕಾನೂನು ವಿದ್ಯಾರ್ಥಿಗಳು ಪರೀಕ್ಷಾ ಪದ್ಧತಿಯ ವಿರುದ್ಧ ಹೂಡಿದ ಮುಷ್ಕರ ಬೆಳೆಯುತ್ತ ಹೋಗಿ, ಅಧ್ಯಕ್ಷ ಎಮಿಲಿಯೊ ಪೋರ್ತೆಸ್ ಖಿಲ್ ಸ್ವಾಯತ್ತತೆಯನ್ನು ಕೊಡಬೇಕಾಯಿತು. ಮುಂದಿನ ಅಧ್ಯಾಯವನ್ನು ಹೊರಗಿನವರು ಹೆಚ್ಚು ಗಮನಿಸುವುದಿಲ್ಲ. 1933ರ ಕಾನೂನು ಪೂರ್ಣ ಸ್ವಾಯತ್ತತೆ ಕೊಟ್ಟಿತು, ಜೊತೆಗೆ ಹೆಸರಿನಿಂದ ‘ರಾಷ್ಟ್ರೀಯ’ ಎಂಬುದನ್ನು ಕಿತ್ತುಹಾಕಿತು. ಒಂದು ಕೋಟಿ ಪೆಸೊ ನಿಧಿ ಕೊಟ್ಟು, ಇನ್ನು ನಿಮ್ಮ ದಾರಿ ನಿಮಗೆ ಎಂದಿತು. ವಿಶ್ವವಿದ್ಯಾಲಯ ಬಡತನಕ್ಕೆ ಬಿದ್ದಿತು. 1936ರಲ್ಲಿ ಸರ್ಕಾರ ತನ್ನ ಆದ್ಯತೆಗೆ ತಕ್ಕಂತೆ ರಾಷ್ಟ್ರೀಯ ಪಾಲಿಟೆಕ್ನಿಕ್ ಸಂಸ್ಥೆಯನ್ನೇ ಬೇರೆಯಾಗಿ ಕಟ್ಟಿತು. 1945ರ ಕಾನೂನು ಬಂದ ಮೇಲೆಯೇ ‘ರಾಷ್ಟ್ರೀಯ’ ಎಂಬುದು ‘ಸ್ವಾಯತ್ತ’ದ ಜೊತೆಗೆ ಹೆಸರಿಗೆ ಮರಳಿದ್ದು. ಕಾಗದದ ಮೇಲಿನ ಸ್ವಾತಂತ್ರ್ಯ ಎಷ್ಟೇ ಪೂರ್ಣವಾಗಿರಲಿ, ಬೆನ್ನಿಗೆ ಜನರೂ ಹಣವೂ ಇಲ್ಲದಿದ್ದರೆ ಅದು ಒಂಟಿತನವೇ ಸರಿ ಎಂಬುದು ಆ ಹನ್ನೆರಡು ವರ್ಷಗಳಲ್ಲಿ ಸಾಬೀತಾಯಿತು.

ಆ ಬಳಿಕ ಕಟ್ಟಿದ ‘ಸಿಯುದಾದ್ ಉನಿವೆರ್ಸಿತಾರಿಯಾ’, ಅಂದರೆ ವಿಶ್ವವಿದ್ಯಾಲಯ ನಗರ, ಜನರನ್ನು ಒಳಗೆ ಕರೆಯುವ ಆಸೆಯನ್ನೇ ಕಲ್ಲಿನಲ್ಲಿ ಮೂಡಿಸಿದೆ. ಮಾರಿಯೊ ಪಾನಿ ಮತ್ತು ಎನ್ರಿಕೆ ದೆಲ್ ಮೊರಾಲ್ ಹಾಕಿದ ಯೋಜನೆಯಲ್ಲಿ ಹತ್ತಾರು ವಾಸ್ತುಶಿಲ್ಪಿಗಳು ಕೆಲಸ ಮಾಡಿದರು. 1952ರಲ್ಲಿ ಅದರ ಉದ್ಘಾಟನೆಯಾಯಿತು. ಕೇಂದ್ರ ಗ್ರಂಥಾಲಯದ ಕಿಟಕಿಯಿಲ್ಲದ ಎತ್ತರದ ಗೋಡೆಗಳ ನಾಲ್ಕೂ ಬದಿಗೆ ಹುವಾನ್ ಓ’ಗೋರ್ಮನ್ ದೇಶದ ಮೂಲೆಮೂಲೆಯಿಂದ ತರಿಸಿದ ಬಣ್ಣದ ಕಲ್ಲುಗಳನ್ನು ಜೋಡಿಸಿ ಮೆಕ್ಸಿಕೊದ ಚರಿತ್ರೆಯನ್ನು ಚಿತ್ರಿಸಿದ್ದಾರೆ. ಬಿಸಿಲು ಮಳೆಗೆ ಮಾಸದಿರಲೆಂದು ಬಣ್ಣ ಬಳಿಯುವುದನ್ನೇ ಬಿಟ್ಟು ಕಲ್ಲಿನ ಸಹಜ ಬಣ್ಣವನ್ನು ನೆಚ್ಚಿಕೊಂಡದ್ದು ಅವರ ಜಾಣ್ಮೆ. ಆಡಳಿತ ಕಟ್ಟಡದ ಮೇಲೆ ಕಲಾವಿದ ಸಿಕೇರೊಸ್ ರಚಿಸಿದ ಉಬ್ಬುಚಿತ್ರದ ಹೆಸರು ಜನರು ವಿಶ್ವವಿದ್ಯಾಲಯಕ್ಕೆ, ವಿಶ್ವವಿದ್ಯಾಲಯ ಜನರಿಗೆ ಎಂಬ ಅರ್ಥ ಕೊಡುತ್ತದೆ. 2007ರಲ್ಲಿ ಯುನೆಸ್ಕೊ ಈ ಆವರಣವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಅದು ಸಲ್ಲಬೇಕಾದ ಗೌರವವೇ, ಆದರೂ ಈ ಜಾಗದ ಹೆಚ್ಚುಗಾರಿಕೆ ಇರುವುದು ಅದರ ಬಳಕೆಯಲ್ಲಿ. ಗ್ರಂಥಾಲಯದ ಎದುರು ‘ಲಾಸ್ ಇಸ್ಲಾಸ್’, ಅಂದರೆ ದ್ವೀಪಗಳು, ಎಂದು ಕರೆಯುವ ವಿಶಾಲ ಹುಲ್ಲುಹಾಸಿದೆ. ತರಗತಿಗಳ ನಡುವಿನ ಬಿಡುವಿನಲ್ಲಿ ಓದುವವರು, ನಿದ್ದೆ ಹೊಡೆಯುವವರು, ಗಿಟಾರ್ ಮೀಟುವವರು, ಸಭೆ ಕೂಡುವವರು ಎಲ್ಲರೂ ಅಲ್ಲೇ. ವಿಭಾಗದಿಂದ ವಿಭಾಗಕ್ಕೆ ಓಡಾಡಲು ‘ಪುಮಾಬುಸ್’ ಎಂಬ ಉಚಿತ ಬಸ್ಸುಗಳಿವೆ. ಪುಮಾಸ್ ಫುಟ್‌ಬಾಲ್ ತಂಡದ ಪಂದ್ಯವಿದ್ದರೆ ‘ಗೋಯಾ’ ಎಂಬ ವಿಶ್ವವಿದ್ಯಾಲಯದ ಜೈಕಾರಕ್ಕೆ ಕ್ರೀಡಾಂಗಣವೆಲ್ಲ ದನಿಗೂಡಿಸುತ್ತದೆ. ಇಲ್ಲಿ ಒಂದು ದಿನವೂ ಪಾಠ ಕೇಳದವರೂ ಆ ಕೂಗು ಕೂಗುತ್ತಾರೆ. ನೆಸಾವಾಲ್ಕೊಯೋಟ್ಲ್ ಸಂಗೀತ ಸಭಾಂಗಣ, ಲಾವಾ ಬಂಡೆಗಳ ನಡುವಿನ ಶಿಲ್ಪವನ, ಸಿನಿಮಾ ಸಂಗ್ರಹಾಲಯ, 1937ರಿಂದ ಪ್ರಸಾರವಾಗುತ್ತಿರುವ ರೇಡಿಯೊ, ಎಲ್ಲವೂ ನಗರದ ಜನರ ದಿನಚರಿಯೊಳಗೆ ಸೇರಿಹೋಗಿವೆ. ಭೂಮಿ ನಡುಗಿದಾಗ ದೇಶ ಕಿವಿಗೊಡುವ ರಾಷ್ಟ್ರೀಯ ಭೂಕಂಪನ ಸೇವೆಯನ್ನು ನಡೆಸುವುದೂ ಇದೇ ವಿಶ್ವವಿದ್ಯಾಲಯ.

ಜನರೊಂದಿಗಿನ ಈ ನಂಟಿಗೆ ಕಠೋರ ಪರೀಕ್ಷೆ ಎದುರಾದದ್ದು 1968ರಲ್ಲಿ. ಜುಲೈ ಕೊನೆಗೆ, ವಿದ್ಯಾರ್ಥಿಗಳ ಪ್ರತಿಭಟನೆಯನ್ನು ಹತ್ತಿಕ್ಕಲು ಬಂದ ಸೈನಿಕರು ನಗರದ ಹಳೆಯ ಭಾಗದಲ್ಲಿದ್ದ ವಿಶ್ವವಿದ್ಯಾಲಯದ ಶಾಲೆಯೊಂದರ ಶತಮಾನಗಳ ಹಳೆಯ ಬಾಗಿಲನ್ನು ಬಝೂಕಾದಿಂದ ಒಡೆದರು. ಕುಲಪತಿ ಹಾವಿಯೆರ್ ಬಾರೊಸ್ ಸಿಯೆರಾ ಆವರಣದ ಧ್ವಜವನ್ನು ಅರ್ಧಕ್ಕೆ ಇಳಿಸಿ, ಆಗಸ್ಟ್ 1ರಂದು ವಿದ್ಯಾರ್ಥಿಗಳ ಮೆರವಣಿಗೆಯ ಮುಂದೆ ತಾವೇ ನಡೆದರು. ಸೆಪ್ಟೆಂಬರ್ 18ರಂದು ಸೇನೆ ಆವರಣಕ್ಕೇ ನುಗ್ಗಿತು. ಅಕ್ಟೋಬರ್ 2ರಂದು ತ್ಲಾತೆಲೋಲ್ಕೊ ಚೌಕದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡಿನ ಮಳೆ ಸುರಿಯಿತು. ಸತ್ತವರೆಷ್ಟು ಎಂಬ ಲೆಕ್ಕದ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಹತ್ತೇ ದಿನಗಳ ಮೇಲೆ, ಇದೇ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಹಿಂದೆ ಇಲ್ಲಿ ಕಾನೂನು ಓದಿದ್ದ ಕವಿ ಒಕ್ತಾವಿಯೊ ಪಾಸ್ ಆಗ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿ. ಹತ್ಯಾಕಾಂಡದ ಸುದ್ದಿ ತಿಳಿದು ಅವರು ಹುದ್ದೆ ತೊರೆದರು. ಸ್ವಾಯತ್ತತೆಯ ಕಾನೂನು ಆ ದಿನಗಳಲ್ಲಿ ಯಾರನ್ನೂ ಉಳಿಸಲಿಲ್ಲ ಎನ್ನುವವರ ಮಾತು ನಿಜ. ಆದರೆ ಆಮೇಲೆ ಆದದ್ದನ್ನೂ ನೋಡಬೇಕು. ವಿಶ್ವವಿದ್ಯಾಲಯವನ್ನು ಮುಚ್ಚಲು, ಕುಗ್ಗಿಸಲು ಸರ್ಕಾರಕ್ಕೆ ಆಗಲಿಲ್ಲ. 1970ರ ದಶಕದಲ್ಲಿ ಅದು ಇನ್ನಷ್ಟು ಹಿಗ್ಗಿತು. 1980ರಲ್ಲಿ ವಿಶ್ವವಿದ್ಯಾಲಯಗಳ ಸ್ವಾಯತ್ತತೆ ದೇಶದ ಸಂವಿಧಾನದೊಳಗೇ ಬಂದಿತು. ನೂರಾರು ಬಡಾವಣೆಗಳ ಮಕ್ಕಳು ಓದುವ ಕಡೆ ಪೊಲೀಸರು ಕಾಲಿಟ್ಟರೆ ನೂರಾರು ಬಡಾವಣೆಗಳಿಗೆ ನೋವಾಗುತ್ತದೆ.

ಹಾಗಿದ್ದರೂ ಉಳ್ಳವರ ಮಕ್ಕಳಿಗೂ ಏಕೆ ಉಚಿತ ಶಿಕ್ಷಣ? ಇದು ಹಳೆಯ ಆಕ್ಷೇಪ, ತಳ್ಳಿಹಾಕುವಂಥದಲ್ಲ. 1966ರಲ್ಲಿ ವರ್ಷಕ್ಕೆ 200 ಪೆಸೊ ಎಂದು ನಿಗದಿಯಾದ ಶುಲ್ಕ ಹಣದುಬ್ಬರದಲ್ಲಿ ಕರಗಿತು; 1993ರಲ್ಲಿ ನಾಣ್ಯದಿಂದ ಮೂರು ಸೊನ್ನೆ ತೆಗೆದಾಗ 20 ಸೆಂತಾವೊ ಆಗಿ ನಿಂತಿತು. ಅದನ್ನು ಏರಿಸುವ ಒಂದು ಯತ್ನ 1987ರ ಮುಷ್ಕರದಲ್ಲಿ ಸೋತಿತು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಭೌತವಿಜ್ಞಾನದ ವಿದ್ಯಾರ್ಥಿನಿ ಕ್ಲಾಡಿಯಾ ಶೇನ್‌ಬಾಮ್ 2024ರಲ್ಲಿ ದೇಶದ ಮೊದಲ ಮಹಿಳಾ ಅಧ್ಯಕ್ಷರಾದರು. 1999ರಲ್ಲಿ ಮತ್ತೊಮ್ಮೆ ಯತ್ನ ನಡೆದು, ಏಪ್ರಿಲ್‌ನಲ್ಲಿ ಶುರುವಾದ ಮುಷ್ಕರ 2000ದ ಫೆಬ್ರುವರಿಯಲ್ಲಿ ಫೆಡರಲ್ ಪೊಲೀಸರು ಒಳಬರುವ ತನಕ ಮುಂದುವರಿಯಿತು. ಸುಮಾರು ಹತ್ತು ತಿಂಗಳ ಪಾಠ ಹಾಳಾಯಿತು, ಸ್ನೇಹಗಳು ಮುರಿದವು. ಮುಷ್ಕರದ ಕೊನೆಯ ತಿಂಗಳುಗಳ ಹಟಮಾರಿತನವನ್ನು ಸಮರ್ಥಿಸಲಾಗದು. ಆದರೆ ಮುಷ್ಕರದ ಮೂಲ ಬೇಡಿಕೆ ಸರಿಯಾಗಿತ್ತು. ಉಳ್ಳವರಿಂದ ಪಡೆಯಬೇಕಾದದ್ದನ್ನು ತೆರಿಗೆಯಲ್ಲಿ ಪಡೆಯಬಹುದು. ತರಗತಿಯ ಬಾಗಿಲಲ್ಲಿ ಆದಾಯ ಪ್ರಮಾಣಪತ್ರ ಕೇಳತೊಡಗಿದರೆ ಮಧ್ಯಮವರ್ಗ ಖಾಸಗಿ ವಿಶ್ವವಿದ್ಯಾಲಯಗಳತ್ತ ಹೊರಳುತ್ತದೆ, ಉಳಿದುಕೊಳ್ಳುವವರ ದನಿ ಬಜೆಟ್ ಬರೆಯುವವರ ಕಿವಿಗೆ ಬೀಳುವುದು ಕಡಿಮೆಯಾಗುತ್ತದೆ. ಇನ್ನು, ಅಗ್ಗವಾದದ್ದರ ಗುಣಮಟ್ಟ ಇಳಿಯುತ್ತದೆ ಎಂಬ ಅನುಮಾನಕ್ಕೆ ಓಝೋನ್ ಪದರದ ಅಧ್ಯಯನಕ್ಕಾಗಿ 1995ರಲ್ಲಿ ನೊಬೆಲ್ ಪಡೆದ ಮಾರಿಯೊ ಮೊಲಿನಾ ಅವರ ಉದಾಹರಣೆ ಸಾಕು. ಅವರು ರಾಸಾಯನಿಕ ಎಂಜಿನಿಯರಿಂಗ್ ಪದವಿ ಪಡೆದದ್ದು ಇಲ್ಲೇ.

ನಿಜವಾಗಿ ಕಾಡುವ ಆಕ್ಷೇಪ ಬೇರೆಯದು. ಶುಲ್ಕ ಅಡ್ಡಿಯಾಗದ ಕಡೆ ಪ್ರವೇಶ ಪರೀಕ್ಷೆ ಅಡ್ಡಿಯಾಗಿದೆ. ಪದವಿಗಾಗಿ ಪರೀಕ್ಷೆ ಬರೆಯುವ ಹತ್ತು ಮಂದಿಯಲ್ಲಿ ಒಬ್ಬರಿಗೆ ಸೀಟು ಸಿಕ್ಕರೆ ಹೆಚ್ಚು. ವಿಶ್ವವಿದ್ಯಾಲಯದ ಸ್ವಂತ ಶಾಲೆಗಳಲ್ಲಿ ನಿಗದಿತ ಅಂಕ ಪಡೆದು ಮುಗಿಸಿದವರಿಗೆ ಆ ಪರೀಕ್ಷೆಯಿಂದ ವಿನಾಯಿತಿ ಇದೆ. ಹೊರಗೆ ಓದಿದ ಬಡ ವಿದ್ಯಾರ್ಥಿಗೆ ಇದು ಅನ್ಯಾಯವೆನಿಸಿದರೆ ಅಚ್ಚರಿಯಿಲ್ಲ. ಒಳಗೆ ಬಂದವರಿಗೂ ಎಲ್ಲವೂ ಸಲೀಸಲ್ಲ. 2019ರ ನವೆಂಬರ್‌ನಿಂದ ಮುಂದಿನ ಏಪ್ರಿಲ್‌ವರೆಗೆ ವಿದ್ಯಾರ್ಥಿನಿಯರು ಲೈಂಗಿಕ ದೌರ್ಜನ್ಯದ ವಿರುದ್ಧ ತತ್ವಶಾಸ್ತ್ರ ಮತ್ತು ಸಾಹಿತ್ಯ ವಿಭಾಗದ ಕಟ್ಟಡವನ್ನೇ ವಶಕ್ಕೆ ಪಡೆದಿದ್ದರು. ನಿಯಮಗಳು ಬದಲಾದದ್ದು ಆ ಒತ್ತಡದಿಂದಲೇ. ಹೊರಗಿನ ಸರ್ಕಾರವನ್ನು ಪ್ರಶ್ನಿಸಲು ಕಲಿಸಿದ ಸಂಸ್ಥೆ ತನ್ನೊಳಗಿನ ಅಧಿಕಾರವನ್ನು ವಿದ್ಯಾರ್ಥಿನಿಯರು ಪ್ರಶ್ನಿಸಿದಾಗ ಕಿವಿಗೊಡಲು ತಡಮಾಡಿತು ಎಂಬುದನ್ನು ಅದರ ಅಭಿಮಾನಿಗಳೂ ಒಪ್ಪಬೇಕು. ಸೀಟಿನ ಕೊರತೆಗೆ ಮದ್ದು ಶುಲ್ಕದಲ್ಲಂತೂ ಇಲ್ಲ, ಏಕೆಂದರೆ ದುಡ್ಡು ಕಟ್ಟಿಸಿಕೊಂಡರೆ ಸರತಿ ಸಾಲು ಗಿಡ್ಡವಾಗುವುದು ಬಡವರು ಸಾಲು ಬಿಟ್ಟು ಹೋಗುವುದರಿಂದ. 1972ರಲ್ಲಿ ಆರಂಭವಾದ ಮುಕ್ತ ಶಿಕ್ಷಣ ವ್ಯವಸ್ಥೆಯನ್ನು ಇನ್ನಷ್ಟು ವಿಸ್ತರಿಸುವುದು, ರಾಜ್ಯಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೂ ಇದೇ ಮಟ್ಟದ ಹಣ ಒದಗಿಸುವುದು ಆಗಬೇಕಾದ ಕೆಲಸ. ಅದಕ್ಕೆ ಬೇಕಾದ ತೆರಿಗೆ ಎತ್ತುವ ಅಧಿಕಾರವಿರುವುದು ಸರ್ಕಾರಕ್ಕೆ. ಒಂದು ಕಾಲಕ್ಕೆ ಈ ಆವರಣದಲ್ಲಿ ಉಚಿತ ಶಿಕ್ಷಣಕ್ಕಾಗಿ ಘೋಷಣೆ ಕೂಗಿದವರೇ ಈಗ ಆ ಸರ್ಕಾರವನ್ನು ನಡೆಸುತ್ತಿದ್ದಾರೆ.