ರಜೆಯವರೆಗೆ ಕಾಯಬೇಕೆ? ಶಾಲೆಯ ದಿನಗಳೇ ಪ್ರಕೃತಿಯ ದಿನಗಳು

“ಈಗ ಓದು, ರಜೆ ಬಂದ ಮೇಲೆ ಬೇಕಾದಷ್ಟು ಹೊರಗೆ ಆಡುವಿಯಂತೆ.” ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಕೇಳಿಬರುವ ಮಾತಿದು. ಕೇಳಲು ವಿವೇಕದ ಮಾತೇ ಹೌದು. ಆದರೆ ರಾಯಚೂರು ಜಿಲ್ಲೆಯಲ್ಲಿ, ಅದರಲ್ಲಿಯೂ ನೀರಮಾನ್ವಿ, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಬಾಳುವ ನಮಗೆ ಈ ಲೆಕ್ಕ ಹೊಂದುವುದಿಲ್ಲ. ದೊಡ್ಡ ರಜೆ ಬರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಆಗ ಇಲ್ಲಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಳ್ಳಗಳು ಬತ್ತಿ, ಎರೆಹೊಲಗಳು ಬಿರಿದು, ಹಕ್ಕಿಗಳೂ ನಡುಹಗಲಿನಲ್ಲಿ ನೆರಳು ಬಿಟ್ಟು ಹೊರಬರುವುದಿಲ್ಲ. ಅಂಥ ಹೊತ್ತಿನಲ್ಲಿ ಯಾವ ತಾಯಿ ತಾನೆ ಮಗುವನ್ನು ಬಯಲಿಗೆ ಕಳುಹಿಸಿಯಾಳು? ಜೂನ್ ತಿಂಗಳಲ್ಲಿ ಮಳೆ ಬಿದ್ದು ನೆಲ ಹಸುರಾಗುವಷ್ಟರಲ್ಲಿ ಶಾಲೆ ಆರಂಭವಾಗಿರುತ್ತದೆ. ಚೀಲ ಬೆನ್ನಿಗೇರುತ್ತದೆ. ಹೊರಗಿನ ಲೋಕ ಮತ್ತೆ ರಜೆಗೆ ಮುಂದೂಡಲ್ಪಡುತ್ತದೆ. ಹೀಗೆ ಮುಂದೂಡುತ್ತಲೇ ಹತ್ತು ವರ್ಷಗಳ ಬಾಲ್ಯ ಕಳೆದುಹೋಗುತ್ತದೆ.

ಆದ್ದರಿಂದ ನಮ್ಮ ಸೀಮೆಯ ಪಾಲಕರು ಒಂದು ಸತ್ಯವನ್ನು ಮನಗಾಣುವುದು ಒಳಿತು: ಇಲ್ಲಿ ಪ್ರಕೃತಿಯ ವರ್ಷವೂ ಶಾಲೆಯ ವರ್ಷವೂ ಒಂದೇ. ಮಕ್ಕಳಿಗೆ ನಿಸರ್ಗದ ಒಡನಾಟ ಬೇಕೆಂದರೆ ಅದನ್ನು ಶಾಲೆಯ ದಿನಗಳಲ್ಲಿಯೇ ಒದಗಿಸಬೇಕು.

ಮಳೆಯ ಪಂಚಾಂಗ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ನಾಡಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿಯುತ್ತದೆ. ಮೃಗಶಿರ ಮಳೆ ಬಿದ್ದೊಡನೆ ಕೆಂಪು ಮಖಮಲ್ಲಿನಂಥ ಪುಟ್ಟ ಹುಳುಗಳು ನೆಲದ ಮೇಲೆ ಹರಿದಾಡತೊಡಗುತ್ತವೆ. ಅವು ಕಾಣಿಸುವುದು ಕೆಲವೇ ದಿನ. ಆ ದಿನಗಳಲ್ಲಿ ನಮ್ಮ ಮಕ್ಕಳು ಹೊಸ ಪಠ್ಯಪುಸ್ತಕಗಳಿಗೆ ರಟ್ಟು ಹಾಕುವುದರಲ್ಲಿ ಮಗ್ನರಾಗಿರುತ್ತಾರೆ. ಜಾಲಿ ಮತ್ತು ಈಚಲು ಮರಗಳಿಗೆ ಗೀಜಗನ ಗೂಡು ತೂಗುಬೀಳುವುದೂ ಮಳೆಗಾಲದಲ್ಲಿಯೇ. ಗಂಡು ಗೀಜಗ ಹುಲ್ಲಿನ ಮತ್ತು ಭತ್ತದ ಎಲೆಗಳನ್ನು ಸೀಳಿ ತಂದು ಗೂಡನ್ನು ಅರ್ಧ ಹೆಣೆಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಮಿಕ್ಕ ಕೆಲಸ ಮುಂದುವರಿಯುತ್ತದೆ. ಇಂಥ ಪರೀಕ್ಷೆಯೊಂದು ಊರಹೊರಗೇ ನಡೆಯುತ್ತಿರುವುದು ಪರೀಕ್ಷೆಗೆ ಓದುತ್ತಿರುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ಆಗಸ್ಟ್ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಬೆಳ್ಳಕ್ಕಿಗಳು ಇಳಿಯುತ್ತವೆ. ದಸರೆಯ ಮುಂದೆ ಹತ್ತಿಯ ಕಾಯಿ ಒಡೆಯತೊಡಗುತ್ತದೆ. ಹಿಂಗಾರಿ ಬಿತ್ತನೆಯಾದ ಮೇಲೆ ಬಿಳಿಜೋಳ, ಕಡಲೆ, ಕುಸುಬೆ ಮೇಲೇಳುತ್ತವೆ. ಎಳ್ಳಮಾವಾಸ್ಯೆಯಂದು ನೆರೆಹೊರೆಯ ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತವೆ. ಜನವರಿಯಲ್ಲಿ ಸೀತನಿ ಸುಟ್ಟು ತಿನ್ನುವ ಸೊಗಸು ಬೇರೆಯೇ. ಈ ಮಾಸಗಳಲ್ಲಿ ಸಂಜೆಯ ಬಿಸಿಲು ಹಿತವಾಗಿರುತ್ತದೆ, ನಡೆದಷ್ಟೂ ದಣಿವಾಗದು. ಫೆಬ್ರುವರಿ ದಾಟಿದರೆ ಮುತ್ತುಗದ ಮರ ಕೆಂಡದಂತೆ ಅರಳುತ್ತದೆ. ಅಲ್ಲಿಗೆ ಶಾಲೆಯ ವರ್ಷವೂ ಮುಗಿಯುತ್ತಾ ಬರುತ್ತದೆ.

ಕರಾವಳಿಯ ಕಥೋಲಿಕ ಕುಟುಂಬಗಳು ಈ ವಿಷಯದಲ್ಲಿ ಜಾಣತನ ತೋರಿವೆ. ಸೆಪ್ಟೆಂಬರ್ 8ರಂದು ಮರಿಯಮಾತೆಯ ಜನನೋತ್ಸವ. ಅದಕ್ಕೆ ಮುಂಚಿನ ಒಂಬತ್ತು ದಿನವೂ ಅಲ್ಲಿನ ಮಕ್ಕಳು ಹೂಗಳನ್ನು ಆಯ್ದು ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಶಾಲೆ ನಡೆಯುತ್ತಿರುವ ದಿನಗಳಲ್ಲಿಯೇ ಇದೆಲ್ಲವೂ ನಡೆಯುತ್ತದೆ. ಯಾವ ಬೇಲಿಯಲ್ಲಿ ಯಾವ ಹೂವು ಎಂಬುದನ್ನು ಆ ಮಕ್ಕಳು ಪುಸ್ತಕದಿಂದ ಕಲಿಯುವುದಿಲ್ಲ. ನಮ್ಮ ಎರೆನೆಲದಲ್ಲಿಯೂ ಇಂಥದೊಂದು ಪದ್ಧತಿಯನ್ನು ಬೆಳೆಸಿಕೊಳ್ಳಲು ಅಡ್ಡಿಯೇನಿದೆ?

ಓದಿಗೆ ಕುತ್ತಲ್ಲ

ಹೊರಗೆ ಹೋದರೆ ಓದು ಕೆಡುತ್ತದೆಂಬ ಭಯ ಅನೇಕರಿಗಿದೆ. ಆದರೆ ಮನೆಯೊಳಗೇ ಇದ್ದರೆ ಕೆಡುವುದು ಕಣ್ಣು. ಚೀನಾದ ಗ್ವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿಕೊಟ್ಟಿದೆ. ಅರ್ಧದಷ್ಟು ಶಾಲೆಗಳ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿಗೆ ಕರೆದೊಯ್ಯಲಾಯಿತು. ಮೂರು ವರ್ಷಗಳ ತರುವಾಯ ನೋಡಿದಾಗ ಆ ಮಕ್ಕಳಲ್ಲಿ ಶೇ. 30.4ರಷ್ಟು ಮಂದಿಗೆ ಸಮೀಪದೃಷ್ಟಿಯ ದೋಷ ಬಂದಿತ್ತು; ಹಾಗೆ ಹೋಗದವರಲ್ಲಿ ಶೇ. 39.5ರಷ್ಟು ಮಂದಿಗೆ. ತೈವಾನ್ ದೇಶವು 2010ರಿಂದಲೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಾಂಗಣದಲ್ಲಿರಬೇಕೆಂಬ ಯೋಜನೆಯನ್ನು ನಡೆಸುತ್ತಿದೆ. ಹಗಲಿನ ಬೆಳಕು ಕಣ್ಣಿಗೆ ಔಷಧ, ಅದಕ್ಕೆ ಬೆಲೆಯಿಲ್ಲ.

ಎರಡು ಗಂಟೆ ನಮ್ಮಲ್ಲಿ ಕಷ್ಟವಾದೀತು. ಅರ್ಧ ಗಂಟೆಗೆ ಯಾರ ಅಡ್ಡಿಯೂ ಇಲ್ಲ. ಶಾಲೆ ಬಿಟ್ಟು ಬಂದ ಮಗುವಿಗೆ ಚಹವೋ ಹಾಲೋ ಕೊಟ್ಟು, ಹೋಮ್‌ವರ್ಕ್‌ಗೆ ಕೂರಿಸುವ ಮೊದಲು, ಮೊಬೈಲ್ ಕೈಗೆ ಸಿಗುವ ಮೊದಲು ಹೊರಗೆ ಕಳುಹಿಸೋಣ. ಅಜ್ಜ ಅಜ್ಜಿಯರಿರುವ ಮನೆಯಲ್ಲಿ ಜೊತೆಗೂ ಕೊರತೆಯಿಲ್ಲ. ಯಾವ ಮಳೆಗೆ ಯಾವ ಬಿತ್ತನೆ, ಯಾವ ಗಾಳಿಗೆ ಯಾವ ಮೋಡ ಎಂಬ ಅವರ ತಿಳಿವಳಿಕೆ ಮೊಮ್ಮಕ್ಕಳಿಗೆ ದಾಟುವುದು ಇಂಥ ನಡಿಗೆಯಲ್ಲಿಯೇ. ರಾಯಚೂರು ನಗರದಲ್ಲಿ ವಾಸಿಸುವವರಿಗೆ ಕೋಟೆಯ ಬೆಟ್ಟವಿದೆ, ಅದರ ಬುಡದಲ್ಲಿ ಆಮ್ ತಲಾಬ್ ಇದೆ. ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದವಾದ ಕಲ್ಲೊಂದಿದ್ದು, ಅದರ ಮೇಲೆ 1294ರ ಶಾಸನವಿದೆ. ಅಂಥ ಬಂಡೆಯನ್ನು ಬಂಡಿಯ ಮೇಲೆ ಎಳೆತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಕಲ್ಲು, ನೀರು, ಇತಿಹಾಸ ಮೂರೂ ಒಂದೇ ಸಂಜೆಗೆ ದೊರೆಯುತ್ತವೆ.

ಒಂದು ಮರ, ಒಂದು ವರ್ಷ

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ಒಂದು ಬೇವಿನ ಮರದಿಂದ ಆರಂಭಿಸಬಹುದು. ಬೇವಿಲ್ಲದ ಓಣಿ ನಮ್ಮ ಜಿಲ್ಲೆಯಲ್ಲಿ ಅಪರೂಪ. ಮಗು ಒಂದು ಮರವನ್ನು ತನ್ನದೆಂದು ಆರಿಸಿಕೊಳ್ಳಲಿ. ವಾರಕ್ಕೊಮ್ಮೆ ಅದನ್ನು ನೋಡಿ ಎರಡು ಸಾಲು ಬರೆದಿಡಲಿ. ಎಲೆ ಎಷ್ಟು ಉದುರಿದೆ, ಚಿಗುರು ಯಾವ ಬಣ್ಣದ್ದು, ಹೂವು ಬಂತೇ, ಹಣ್ಣಿಗೆ ಯಾವ ಹಕ್ಕಿ ಬಂದಿದೆ ಎಂಬಷ್ಟು ಸಾಕು. ‘ಸೀಸನ್‌ವಾಚ್’ ಎಂಬ ಯೋಜನೆಯಡಿ ದೇಶದ ಅನೇಕ ಶಾಲೆಗಳ ಮಕ್ಕಳು ಇದನ್ನೇ ಮಾಡುತ್ತಿದ್ದಾರೆ. ಅವರ ಬರಹಗಳು ಹವಾಮಾನದ ಬದಲಾವಣೆಯನ್ನು ಅರಿಯಲು ವಿಜ್ಞಾನಿಗಳಿಗೆ ನೆರವಾಗುತ್ತವೆ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು. ಇದಕ್ಕಿಂತ ಹೆಚ್ಚಿನ ಖರ್ಚಿಲ್ಲ.

ಶಿಕ್ಷಕರೂ ಕೈಜೋಡಿಸಿದರೆ ಕೆಲಸ ಇನ್ನೂ ಸುಲಭ. ಚೀಲವಿಲ್ಲದ ‘ಸಂಭ್ರಮ ಶನಿವಾರ’ವನ್ನು ನಾಲ್ಕು ಗೋಡೆಗಳ ನಡುವೆ ಕಳೆಯಬೇಕೆಂದು ಯಾರೂ ವಿಧಿಸಿಲ್ಲ. ಎರೆಮಣ್ಣಿನ ಬಿರುಕಿಗೆ ಕಡ್ಡಿ ಇಳಿಸಿ ಆಳ ಅಳೆದ ಮಗುವಿಗೆ, ನೀರು ಕುಡಿದರೆ ಹಿಗ್ಗಿ ಒಣಗಿದರೆ ಕುಗ್ಗುವ ಈ ಮಣ್ಣಿನ ಗುಣವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಿಲ್ಲ.

ಹೊಲ ಎಲ್ಲರಿಗೂ ಆಟವಲ್ಲ

ಇಲ್ಲಿ ಒಂದು ಕಹಿಸತ್ಯವನ್ನು ಮರೆಯಬಾರದು. ನಮ್ಮ ಊರುಗಳಲ್ಲಿ ಹೊಲವನ್ನೇ ಕಾಣದ ಮಕ್ಕಳಿರುವಂತೆ, ಹೊಲದಿಂದ ಬಿಡುಗಡೆಯನ್ನೇ ಕಾಣದ ಮಕ್ಕಳೂ ಇದ್ದಾರೆ. ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸಕ್ಕೆ ಎಳೆಯ ಬೆರಳುಗಳನ್ನು, ಹೆಚ್ಚಾಗಿ ಹೆಣ್ಣುಮಕ್ಕಳನ್ನು ಬಳಸುವ ಬಗ್ಗೆ ಉತ್ತರ ಕರ್ನಾಟಕದಿಂದ ವರದಿಗಳು ಬಂದಿವೆ. ಆ ಕೆಲಸವೂ ಬೀಳುವುದು ಶಾಲೆಯ ದಿನಗಳಲ್ಲಿಯೇ. ಅಂಥ ಮಗುವಿಗೆ ನಾವು ನಿಸರ್ಗದ ಸೊಬಗನ್ನು ಬೋಧಿಸುವುದು ಅಣಕವಾದೀತು. ಅವಳಿಗೆ ಮೊದಲು ಬೇಕಾದುದು ಶಾಲೆಯ ಬೆಂಚು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಆ ಬೆಂಚನ್ನು ಕೊಟ್ಟಿದೆ; 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರ ಒಳಗಿನವರನ್ನು ದುಡಿಮೆಗೆ ಇರಿಸಿಕೊಳ್ಳುವುದನ್ನು ನಿಷೇಧಿಸಿದೆ. ಮಗು ಹೊಲಕ್ಕೆ ಹೋಗುವುದು ನೋಡಲು, ಕೇಳಲು, ಆಡಲು, ಕೂಲಿಗಲ್ಲ. ನಮ್ಮ ಮಕ್ಕಳ ಸಂಜೆಯ ತಿರುಗಾಟದಲ್ಲಿ ಓಣಿಯ ಆ ಮಗುವನ್ನೂ ಕೈಹಿಡಿದು ಕರೆದೊಯ್ದರೆ, ಅವಳ ಮನೆಯವರೊಡನೆ ಶಾಲೆಯ ಮಾತನ್ನಾಡಲು ನಮಗೊಂದು ದಾರಿ ತೆರೆಯುತ್ತದೆ.

ಎಚ್ಚರವೂ ಬೇಕು

ಪ್ರೀತಿಯೊಡನೆ ಜಾಗ್ರತೆಯೂ ಇರಲಿ. ಕಾಲುವೆ ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಬಲವಾಗಿರುತ್ತದೆ. ಇಳಿಜಾರಿನ ಪಾಚಿಗಟ್ಟಿದ ಅಂಚಿನಲ್ಲಿ ಕಾಲು ಜಾರಿದರೆ ಮೇಲೇರುವುದು ದುಸ್ತರ. ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ. ಆದ್ದರಿಂದ ದೊಡ್ಡವರಿಲ್ಲದೆ ನೀರಿನ ಬಳಿಗೆ ಹೋಗಬಾರದೆಂಬ ನಿಯಮಕ್ಕೆ ವಿನಾಯಿತಿ ಬೇಡ. ಹತ್ತಿ, ಭತ್ತ, ಮೆಣಸಿನಕಾಯಿ ಹೊಲಗಳಿಗೆ ಔಷಧಿ ಹೊಡೆದಿರುವರೇ ಎಂದು ಮೊದಲೇ ವಿಚಾರಿಸಬೇಕು. ಹೊಡೆದಿದ್ದರೆ ಆ ಕಡೆ ಹೋಗದಿರುವುದೇ ಲೇಸು. ಪೊದೆಗಳಿರುವಲ್ಲಿ ಕಾಲಿಗೆ ಬೂಟು, ಮುಸ್ಸಂಜೆಗೆ ಕೈಯಲ್ಲಿ ಬ್ಯಾಟರಿ ಇರಲಿ. ಹಾವು ಕಡಿದರೆ ಮಂತ್ರ, ಬೇರು ಎಂದು ಹೊತ್ತುಗಳೆಯದೆ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಧಾವಿಸಬೇಕು. ಇಷ್ಟು ತಿಳಿದ ಮಗು ಬಯಲಿಗೆ ಹೆದರುವುದಿಲ್ಲ, ಬಯಲನ್ನು ಗೌರವಿಸುತ್ತದೆ.

ಭಾನುವಾರದ ಹೊತ್ತು

ಪ್ರಭು ಯೇಸು ಕ್ರಿಸ್ತರು ಜನರಿಗೆ ಬೋಧಿಸಿದ್ದು ಬಹುಮಟ್ಟಿಗೆ ಬೆಟ್ಟದ ಮೇಲೆ, ಕೆರೆಯ ದಡದಲ್ಲಿ, ಬಯಲಿನಲ್ಲಿ. ಬಿತ್ತುವವನು, ಸಾಸಿವೆಯ ಕಾಳು, ಅಂಜೂರದ ಮರ, ಗುಬ್ಬಿಗಳು ಅವರ ಪಾಠದ ಸಾಮಗ್ರಿಗಳಾಗಿದ್ದವು. ಬಿತ್ತನೆಯನ್ನೇ ನೋಡದ ಮಗುವಿಗೆ ಬಿತ್ತುವವನ ಸಾಮತಿ ಹೇಗೆ ಅರ್ಥವಾದೀತು? ಜಗದ್ಗುರು ಪೋಪ್ ಫ್ರಾನ್ಸಿಸರು 2015ರಲ್ಲಿ ‘ಲೌದಾತೊ ಸಿ’ ಎಂಬ ವಿಶ್ವಪತ್ರದ ಮೂಲಕ ಈ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕಾಣುವಂತೆ ಕರೆಯಿತ್ತರು. ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸ್ ಅಸ್ಸೀಸಿಯವರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲವನ್ನು ಆಚರಿಸುವ ಪದ್ಧತಿಯೂ ಇದೆ. ನಮ್ಮ ಸೀಮೆಯಲ್ಲಿ ಅದು ಮುಂಗಾರಿನ ಪೈರು ತಲೆದೂಗುವ ಕಾಲ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಧರ್ಮೋಪದೇಶದ ಒಂದು ತರಗತಿಯನ್ನು ಬೇವಿನ ನೆರಳಿನಲ್ಲಿಯೇ ನಡೆಸಬಹುದಲ್ಲವೆ?

ಬೇವಿನ ಹಣ್ಣು ನೆಲಕ್ಕುದುರುವುದು ಜೂನ್, ಜುಲೈ ತಿಂಗಳಲ್ಲಿ. ಅದರ ಬೀಜ ಬಹಳ ದಿನ ಕಾಯುವುದಿಲ್ಲ. ಕೆಲವು ವಾರ ಕಳೆದರೆ ಮೊಳೆಯುವ ಶಕ್ತಿ ಕುಂದಿಹೋಗುತ್ತದೆ. ಹಣ್ಣು ಬಿದ್ದ ಕೂಡಲೇ ಆಯ್ದು ನೆಟ್ಟವನಿಗೆ ಗಿಡವಾಗುತ್ತದೆ. ಮಕ್ಕಳ ಕುತೂಹಲವೂ ಹಾಗೆಯೇ ಎಂಬುದನ್ನು ನೆನೆದು, ಈ ವಾರದ ಒಂದು ಸಂಜೆಯನ್ನಾದರೂ ಅವರಿಗಾಗಿ ತೆಗೆದಿರಿಸೋಣ.